ಕಪ್ಪೆಯಲ್ಲಿ ಸಿಕ್ಕ ಮದ್ದು ಆಸ್ಪತ್ರೆಗೆ ಏಕೆ ಬಂದಿಲ್ಲ? ಚಿಪ್ಪುಮೀನಿನ ವಿಷ ಮತ್ತು ಅದರ ಚಿಕಿತ್ಸೆ

ಚಿಪ್ಪುಮೀನಿನ ವಿಷಕ್ಕೆ ಕಪ್ಪೆಯ ರಕ್ತದಲ್ಲಿ ಮದ್ದು ಸಿಕ್ಕಿದೆ ಎಂಬರ್ಥದ ಸುದ್ದಿ ಆಗಾಗ ಮೊಬೈಲಿಗೆ ಬಂದು ಬೀಳುತ್ತದೆ. ಇನ್ನೊಂದು ಕಡೆ, ಈ ವಿಷಕ್ಕೆ ಪ್ರತಿವಿಷವೇ ಇಲ್ಲ, ಬೇಯಿಸಿದರೂ ಅದು ಹೋಗುವುದಿಲ್ಲ ಎಂದು ಆರೋಗ್ಯ ಇಲಾಖೆಗಳು ಎಚ್ಚರಿಸುತ್ತವೆ. 2024ರ ಮೇ ಕೊನೆಯಲ್ಲಿ ಅಮೆರಿಕದ ಒರೆಗಾನ್ ಕರಾವಳಿಯಲ್ಲಿ ಚಿಪ್ಪು ಆರಿಸಿ ತಿಂದ 20ಕ್ಕೂ ಹೆಚ್ಚು ಮಂದಿ ಅಸ್ವಸ್ಥರಾದಾಗ ಅಲ್ಲಿನ ಅಧಿಕಾರಿಗಳು ಹೇಳಿದ್ದೂ ಇದನ್ನೇ. ಹಾಗಾದರೆ ಕಪ್ಪೆಯ ಸುದ್ದಿ ಸುಳ್ಳೇ?

ಸುಳ್ಳಲ್ಲ. ವಿಷವನ್ನು ಹಿಡಿಯಬಲ್ಲ ವಸ್ತು ಪ್ರಯೋಗಾಲಯದಲ್ಲಿದೆ. ರೋಗಿಗೆ ಚುಚ್ಚಬಹುದಾದ ಮದ್ದು ಯಾವ ಆಸ್ಪತ್ರೆಯ ಕಪಾಟಿನಲ್ಲೂ ಇಲ್ಲ. ಇವೆರಡರ ನಡುವಿನ ದೂರ ಎಷ್ಟು, ಅದು ಯಾಕೆ ಕಡಿಮೆಯಾಗುತ್ತಿಲ್ಲ ಎಂಬುದನ್ನು ಬೆಳಗಾವಿ, ಬಾಗಲಕೋಟೆ, ವಿಜಯಪುರದ ಓದುಗರು ಹಾವಿನ ಕಡಿತ ಮತ್ತು ಕೀಟನಾಶಕದ ವಿಷಬಾಧೆಗಳ ಮೂಲಕ ಬೇರೆಯವರಿಗಿಂತ ಬೇಗ ಅರ್ಥ ಮಾಡಿಕೊಳ್ಳಬಲ್ಲರು. ಆ ಎರಡನ್ನೂ ನೋಡದ ಊರು ಈ ಮೂರು ಜಿಲ್ಲೆಗಳಲ್ಲಿ ಇರಲಿಕ್ಕಿಲ್ಲ.

ವಿಷ ಚಿಪ್ಪಿನದಲ್ಲ

ಬಳಚು, ನೀಲಿಕಲ್ಲು, ಮರುವಾಯಿ, ಕಲ್ವ ಇವೆಲ್ಲ ಎರಡು ಚಿಪ್ಪಿನ ಜೀವಿಗಳು. ಬೆಳಗಾವಿಯ ಮರಾಠಿ, ಕೊಂಕಣಿ ಮನೆಗಳಲ್ಲಿ ತಿಸ್ರ್ಯಾ ಎನ್ನುವುದು ಇದೇ ಜಾತಿಯದು. ಇವು ದಿನವಿಡೀ ನೀರನ್ನು ಒಳಗೆಳೆದುಕೊಂಡು ಅದರಲ್ಲಿನ ಸೂಕ್ಷ್ಮ ಪಾಚಿಯನ್ನು ಸೋಸಿ ತಿನ್ನುತ್ತವೆ. ಅಲೆಕ್ಸಾಂಡ್ರಿಯಂ, ಪೈರೋಡಿನಿಯಂ, ಜಿಮ್ನೋಡಿನಿಯಂ ಕುಲಗಳ ಕೆಲವು ಪಾಚಿಗಳು ಸ್ಯಾಕ್ಸಿಟಾಕ್ಸಿನ್ ಎಂಬ ವಿಷವನ್ನು ತಯಾರಿಸುತ್ತವೆ. ಸಮುದ್ರದಲ್ಲಿ ಅಂಥ ಪಾಚಿ ಒಮ್ಮೆಲೇ ಹೆಚ್ಚಿದರೆ ಸೋಸಿದ ವಿಷವೆಲ್ಲ ಚಿಪ್ಪಿನ ಮಾಂಸದಲ್ಲಿ ಕೂಡಿಬೀಳುತ್ತದೆ. ಚಿಪ್ಪು ಮಾತ್ರ ಆರಾಮಾಗಿರುತ್ತದೆ. ಬಣ್ಣ, ವಾಸನೆ, ರುಚಿ ಯಾವುದೂ ಕೆಡುವುದಿಲ್ಲ.

ಪಾಚಿ ಹೆಚ್ಚಿ ಕಡಲು ಕೆಂಪಾಗುವ ಕೆಂಪು ಉಬ್ಬರದ ಸುದ್ದಿ ಇಲ್ಲಿ ಇನ್ನಷ್ಟು ಗೊಂದಲ ಎಬ್ಬಿಸುತ್ತದೆ. ನೀರು ಕೆಂಪಾದಾಗಲೆಲ್ಲ ಈ ವಿಷ ಇರುತ್ತದೆ ಎಂದಲ್ಲ, ತಿಳಿಯಾಗಿದೆ ಎಂದ ಮಾತ್ರಕ್ಕೆ ಇಲ್ಲ ಎಂದೂ ಅಲ್ಲ. ಕಾರವಾರದ ಕಡಲು ರಾತ್ರಿ ನೀಲಿಯಾಗಿ ಹೊಳೆಯಿತು ಎಂದು ಪತ್ರಿಕೆಗಳಲ್ಲಿ ಚಿತ್ರ ಬರುತ್ತದಲ್ಲ, ಆ ಹೊಳಪು ಸಾಮಾನ್ಯವಾಗಿ ನಾಕ್ಟಿಲೂಕಾ ಎಂಬ ಬೇರೆಯೇ ಜೀವಿಯದು. ಅದು ಸ್ಯಾಕ್ಸಿಟಾಕ್ಸಿನ್ ತಯಾರಿಸುವುದಿಲ್ಲ.

ಕುದಿಸಿದರೆ ಈ ವಿಷ ಸಾಯುವುದಿಲ್ಲ. ಕೋಕಂ, ಹುಣಸೆಯ ಹುಳಿಯಿಂದಲೂ ಪ್ರಯೋಜನವಿಲ್ಲ, ಆಮ್ಲದಲ್ಲಿ ಅದು ಇನ್ನೂ ಗಟ್ಟಿಯಾಗಿ ಉಳಿಯುತ್ತದೆ. ನೀರಿನಲ್ಲಿ ಕರಗುವುದರಿಂದ ಒಂದಷ್ಟು ವಿಷ ಮಾಂಸ ಬಿಟ್ಟು ಸಾರಿಗೆ ಇಳಿಯುತ್ತದೆ, ಆ ಸಾರನ್ನು ನಾವು ಅನ್ನಕ್ಕೆ ಕಲಸಿಕೊಳ್ಳುತ್ತೇವೆ. ನಾವು ದಿನವೂ ತಿನ್ನುವ ಸಾಮಾನ್ಯ ಮೀನಿನ ಮಾಂಸಕ್ಕೆ ಈ ಭಯವಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಬಂಗಡೆ, ಇಸವಣ ತಿನ್ನುವವರು ಹೆದರಬೇಕಾಗಿಲ್ಲ.

ಬಯಲುಸೀಮೆಗೂ ಇದಕ್ಕೂ ಏನು ಸಂಬಂಧ?

ಭಾರತದಲ್ಲಿ ಈ ವಿಷಬಾಧೆ ಅಪರೂಪ, ಆದರೆ ಆಗಿಲ್ಲವೆಂದಲ್ಲ. 1981ರಲ್ಲಿ ತಮಿಳುನಾಡಿನಲ್ಲಿ ಮೂವರು ಸತ್ತು 85 ಮಂದಿ ಆಸ್ಪತ್ರೆ ಸೇರಿದರು. 1983ರಲ್ಲಿ ಮಂಗಳೂರಿನ ಸುತ್ತ ಇಂಥದೇ ಪ್ರಕರಣ ನಡೆದು, ಅಲ್ಲಿನ ಮೀನುಗಾರಿಕೆ ಕಾಲೇಜಿನ ವಿಜ್ಞಾನಿಗಳು ಅದನ್ನು ದಾಖಲಿಸಿದರು. 1997ರಲ್ಲಿ ಕೇರಳದ ವಿಳಿಞಂನಲ್ಲಿ ನೀಲಿಕಲ್ಲಿನ ಜಾತಿಯ ಚಿಪ್ಪು ತಿಂದು 7 ಮಂದಿ ಸತ್ತರು, 500ಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಈ ಕೊನೆಯ ಸಂಖ್ಯೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮದ್ದಿನ ಚರ್ಚೆಯೆಲ್ಲ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತದೆ.

ಜೋಳದ ರೊಟ್ಟಿಯ ನಾಡಿನಲ್ಲಿ ಬಳಚು ತಿನ್ನುವವರು ಕಡಿಮೆ, ನಿಜ. ಆದರೆ ಗೋವಾ, ಸಿಂಧುದುರ್ಗ, ಕಾರವಾರದ ಮೀನು ಘಾಟಿ ಹತ್ತಿ ಬೆಳಗಾವಿ ಮಾರುಕಟ್ಟೆಗೆ ಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ಜನ ಇಳಿದು ಹೋಗುತ್ತಾರೆ. ವಿಜಯಪುರ, ಬಾಗಲಕೋಟೆಯಿಂದ ಗೋವಾ, ಮಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋದವರು ಸಾವಿರಾರು. ಅಳಿವೆಯ ಕೆಸರಿನಲ್ಲಿ ಬಗ್ಗಿದರೆ ಪುಕ್ಕಟೆ ಸಿಗುವ ಚಿಪ್ಪಿನಲ್ಲಿ ಯಾವಾಗ ಆರಿಸಬಾರದು ಎಂಬುದನ್ನು ಅಜ್ಜಿಯಿಂದ ಕಲಿತ ಕರಾವಳಿಯವನೂ ಮೋಸ ಹೋಗುವುದುಂಟು. ಆ ನೀರನ್ನೇ ಹೊಸದಾಗಿ ನೋಡುತ್ತಿರುವವನ ಗತಿ ಹೇಳಬೇಕಿಲ್ಲ.

ಇನ್ನು ವಾರದ ಕೊನೆಗೆ ಕಾರಿನಲ್ಲಿ ಹೋಗಿ ಬರುವವರು. ಲಕ್ಷಣಗಳು ಸಾಮಾನ್ಯವಾಗಿ ತಿಂದ ಅರ್ಧ ಗಂಟೆಯಿಂದ ಎರಡು ಗಂಟೆಯೊಳಗೆ ಶುರುವಾಗುತ್ತವೆ. ಪಣಜಿಯ ಸುತ್ತ ಮಧ್ಯಾಹ್ನದ ಊಟ ಮುಗಿಸಿ ಚೋರ್ಲಾ ಘಾಟಿಯ ದಾರಿ ಹಿಡಿದರೆ ಆ ಹೊತ್ತಿಗೆ ಗಾಡಿ ಕಾಡಿನ ನಡುವೆ ತಿರುವು ಸುತ್ತುತ್ತಿರುತ್ತದೆ. ಮೊದಲು ತುಟಿ ಜುಮ್ಮೆನ್ನುತ್ತದೆ, ನಂತರ ನಾಲಿಗೆ, ಮುಖ, ಬೆರಳ ತುದಿ. ಮಾತು ತೊದಲುತ್ತದೆ. ತಲೆ ತೇಲಿದಂತಾಗುತ್ತದೆ. ಘಾಟಿಯ ತಿರುವಿಗೆ ತಲೆ ಸುತ್ತಿದೆ ಎಂದೇ ಯಾರಾದರೂ ಅಂದುಕೊಳ್ಳುತ್ತಾರೆ.

ಮೇಲಿನ ತೂಬು ಮುಚ್ಚಿದರೆ

ಯಾವ ಮದ್ದು ನಡೆಯಬಹುದು, ಯಾವುದು ನಡೆಯದು ಎಂದು ತಿಳಿಯಲು ವಿಷ ಎಲ್ಲಿ ಕೂರುತ್ತದೆ ಎಂಬುದು ಗೊತ್ತಿರಬೇಕು. ನರದೊಳಗೆ ಸಂದೇಶ ಓಡುವುದು ಸೋಡಿಯಂ ಅಯಾನುಗಳು ಸಣ್ಣ ಬಾಗಿಲುಗಳ ಮೂಲಕ ಒಳನುಗ್ಗುವುದರಿಂದ. ಸ್ಯಾಕ್ಸಿಟಾಕ್ಸಿನ್ ಆ ಬಾಗಿಲಿನ ಹೊರಬಾಯಿಗೆ ಬಿರಡೆಯಂತೆ ಕೂರುತ್ತದೆ. ನರ ಸಾಯುವುದಿಲ್ಲ, ಕೆಡುವುದೂ ಇಲ್ಲ, ಸಂದೇಶ ಮಾತ್ರ ನಿಲ್ಲುತ್ತದೆ.

ನಮ್ಮ ಕಾಲುವೆಯನ್ನೇ ನೆನೆಯೋಣ. ನರ ಕಾಲುವೆಯಾದರೆ ಸ್ನಾಯು ತುದಿಭಾಗದ ಹೊಲ. ನಾಗರಹಾವಿನ ವಿಷ ಹೊಲದ ಬಾಯಿಯನ್ನು ಕಟ್ಟುತ್ತದೆ. ನೀರು ಅಲ್ಲಿಯತನಕ ಬರುತ್ತಿರುತ್ತದೆ, ಒಳಗೆ ಇಳಿಯುವುದಿಲ್ಲ. ಕಟ್ಟುಹಾವಿನ ವಿಷ ಕಾಲುವೆಯ ಕೊನೆಯ ತುಂಡನ್ನೇ ಒಡೆದುಹಾಕುತ್ತದೆ, ದುರಸ್ತಿಗೆ ದಿನಗಟ್ಟಲೆ ಬೇಕು. ಸ್ಯಾಕ್ಸಿಟಾಕ್ಸಿನ್ ಮೇಲಿನ ತೂಬನ್ನು ಮುಚ್ಚುತ್ತದೆ. ಕಾಲುವೆಯೂ ಸರಿ, ಹೊಲವೂ ಸರಿ, ನೀರೇ ಬಿಟ್ಟಿಲ್ಲ. ಅದಕ್ಕೇ ಈ ವಿಷಬಾಧೆಯಲ್ಲಿ ಬದುಕಿದವರು ಸಾಮಾನ್ಯವಾಗಿ ಊನವಿಲ್ಲದೆ ಪೂರ್ತಿ ಚೇತರಿಸಿಕೊಳ್ಳುತ್ತಾರೆ.

ನಾಗರಹಾವಿನ ಕಡಿತಕ್ಕೆ ನಮ್ಮ ವೈದ್ಯರು ಕೊಡುವ ನಿಯೋಸ್ಟಿಗ್ಮಿನ್ ಚುಚ್ಚುಮದ್ದು ಇಲ್ಲಿಯೂ ನಡೆಯಬಹುದೇ ಎಂಬ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ. ನಿಯೋಸ್ಟಿಗ್ಮಿನ್ ಮಾಡುವುದು ಹೊಲದ ಬಾಯಲ್ಲಿ ನಿಂತ ನೀರು ಬೇಗ ಇಂಗದಂತೆ ತಡೆಯುವ ಕೆಲಸ. ಮೇಲಿನಿಂದ ನೀರೇ ಬರದಿದ್ದರೆ ತಡೆಯುವುದೇನನ್ನು? ಇದೇ ಬಗೆಯ ವಿಷವಿರುವ ಬುಸುಬುಡಕೆ (ಪಫರ್) ಮೀನಿನ ಪ್ರಕರಣಗಳಲ್ಲಿ ಅದನ್ನು ಪ್ರಯತ್ನಿಸಿದವರಿದ್ದಾರೆ, ಭರವಸೆ ಇಡುವಂಥ ಪುರಾವೆ ಸಿಕ್ಕಿಲ್ಲ.

ಈಗಿರುವ ಚಿಕಿತ್ಸೆ

ಉಸಿರು ಕೊಡುವುದು. ಇದು ಕೈಚೆಲ್ಲಿದ ಮಾತಲ್ಲ, ಪೂರ್ಣ ಚಿಕಿತ್ಸೆ. ವಿಷ ಸಾಯಿಸುವುದು ಉಸಿರಾಟದ ಸ್ನಾಯುಗಳನ್ನು ನಿಲ್ಲಿಸಿ, ಸಾಮಾನ್ಯವಾಗಿ 2ರಿಂದ 12 ಗಂಟೆಯೊಳಗೆ. ಅಷ್ಟು ಹೊತ್ತಿಗೆ ಮೂತ್ರಪಿಂಡಗಳು ತಮ್ಮ ಕೆಲಸ ಶುರುಮಾಡಿರುತ್ತವೆ. 1994ರಲ್ಲಿ ಅಲಾಸ್ಕಾದ ಕೊಡಿಯಾಕ್ ದ್ವೀಪದ ರೋಗಿಗಳ ರಕ್ತ ಮತ್ತು ಮೂತ್ರವನ್ನು ಪರೀಕ್ಷಿಸಿದಾಗ ರಕ್ತದಲ್ಲಿನ ವಿಷ 10 ಗಂಟೆಯೊಳಗೆ ಅರ್ಧಕ್ಕಿಳಿಯುತ್ತದೆ ಎಂದು ಕಂಡುಬಂತು. ಹಾಗಾಗಿ ಮೊದಲ ಒಂದು ದಿನ ಉಸಿರು ನಡೆಸಿದರೆ ದೇಹವೇ ಉಳಿದದ್ದನ್ನು ನೋಡಿಕೊಳ್ಳುತ್ತದೆ. ಬೇಗ ಬಂದವರಿಗೆ ಔಷಧಿಯಾಗಿ ಸಂಸ್ಕರಿಸಿದ ಇದ್ದಿಲ ಪುಡಿಯನ್ನು ಕುಡಿಸುವುದುಂಟು, ಹೊಟ್ಟೆಯಲ್ಲಿ ಉಳಿದ ವಿಷ ಅದಕ್ಕೆ ಅಂಟಿಕೊಳ್ಳಲಿ ಎಂದು. ನುಂಗುವ ಶಕ್ತಿ ಕುಗ್ಗಿದವರಿಗೆ ಅದೂ ಅಪಾಯ, ಶ್ವಾಸಕೋಶಕ್ಕೆ ಹೋಗಬಹುದು.

ರೋಗಿಗೆ ಎಚ್ಚರವಿರುತ್ತದೆ ಎಂಬ ಒಂದು ಸಂಗತಿ ಮಾತ್ರ ಕುಟುಂಬದವರಿಗೂ ವಾರ್ಡಿನವರಿಗೂ ಗೊತ್ತಿರಲೇಬೇಕು. ಕಣ್ಣು ತೆರೆಯಲಾಗದ, ಬೆರಳು ಅಲ್ಲಾಡಿಸಲಾಗದ ರೋಗಿ ಹಾಸಿಗೆಯ ಸುತ್ತ ಆಡುವ ಮಾತನ್ನೆಲ್ಲ ಕೇಳುತ್ತಿರಬಹುದು. ಕಟ್ಟುಹಾವು ಕಚ್ಚಿದವರನ್ನು ಇದೇ ಸ್ಥಿತಿಯಲ್ಲಿ ನೋಡಿ, ಮುಗಿದೇ ಹೋಯಿತು ಎಂದು ಮನೆಯವರು ಅಳಲು ಶುರುಮಾಡುವುದನ್ನು ಉತ್ತರ ಕರ್ನಾಟಕದ ಐಸಿಯು ಸಿಬ್ಬಂದಿಗೆ ವಿವರಿಸಬೇಕಾಗಿಲ್ಲ.

ಕಪ್ಪೆಯ ಪ್ರೋಟೀನ್

ಈಗ ಮೊಬೈಲಿನ ಸುದ್ದಿಗೆ ಬರೋಣ. ಅಮೆರಿಕದ ಬುಲ್‌ಫ್ರಾಗ್ ಎಂಬ ದೊಡ್ಡ ಕಪ್ಪೆಯ ರಕ್ತದಲ್ಲಿ ಸ್ಯಾಕ್ಸಿಫಿಲಿನ್ ಎಂಬ ಪ್ರೋಟೀನ್ ಇದೆ. ನಮ್ಮ ರಕ್ತದಲ್ಲಿ ಕಬ್ಬಿಣ ಹೊರುವ ಟ್ರಾನ್ಸ್‌ಫೆರಿನ್‌ಗೆ ಅದು ದಾಯಾದಿ, ಆದರೆ ಕಬ್ಬಿಣ ಬಿಟ್ಟು ಸ್ಯಾಕ್ಸಿಟಾಕ್ಸಿನನ್ನು ಹಿಡಿಯುತ್ತದೆ. ಹಿಡಿತ ಬಲು ಬಿಗಿ. 2019ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಫ್ರಾನ್ಸಿಸ್ಕೊ ಕೇಂದ್ರದ ತಂಡ ಅದರ ರಚನೆಯನ್ನು ಬಿಡಿಸಿ ತೋರಿಸಿತು. ಮುಂದಿನ ಪ್ರಯೋಗಗಳಲ್ಲಿ, ವಿಷದಿಂದ ಮುಚ್ಚಿಹೋಗಿದ್ದ ಸೋಡಿಯಂ ಬಾಗಿಲುಗಳು ಈ ಪ್ರೋಟೀನ್ ಸೇರಿಸಿದಾಗ ಮತ್ತೆ ಕೆಲಸ ಮಾಡಿದವು. ವಿಜ್ಞಾನಿಗಳು ಇದನ್ನು ವಿಷದ ಸ್ಪಂಜು ಎಂದು ಕರೆದರು. ಸುದ್ದಿಯಾದದ್ದು ಇದು, ಆಗಬೇಕಾದದ್ದೇ.

ಆದರೆ ಪ್ರಯೋಗ ನಡೆದದ್ದು ಪ್ರಯೋಗಾಲಯದ ಕೋಶಗಳ ಮೇಲೆ. ರೋಗಿಗೆ ಎಷ್ಟು ಬೇಕಾದೀತು ಎಂಬ ಸರಳ ಲೆಕ್ಕವನ್ನು ಸುದ್ದಿಗಳು ಮಾಡುವುದಿಲ್ಲ. ಒಂದು ಸ್ಯಾಕ್ಸಿಫಿಲಿನ್ ಅಣು ಒಂದೇ ವಿಷದ ಅಣುವನ್ನು ಹಿಡಿಯುತ್ತದೆ. ವಿಷದ ಅಣುತೂಕ ಸುಮಾರು 300, ಪ್ರೋಟೀನಿನದು ಸುಮಾರು 91,000. ಅಂದರೆ 1 ಮಿಲಿಗ್ರಾಂ ವಿಷ ಹಿಡಿಯಲು 300 ಮಿಲಿಗ್ರಾಂ ಪ್ರೋಟೀನ್. ಮನುಷ್ಯನನ್ನು ಕೊಲ್ಲಬಲ್ಲ ಪ್ರಮಾಣ ಸಾಮಾನ್ಯವಾಗಿ 1ರಿಂದ 4 ಮಿಲಿಗ್ರಾಂ ಎನ್ನುತ್ತಾರೆ. ಅದೆಲ್ಲವೂ ರಕ್ತಕ್ಕೆ ಸೇರಿದರೆ ಸುಮಾರು 0.3 ಗ್ರಾಮಿನಿಂದ 1.2 ಗ್ರಾಮಿನಷ್ಟು ಶುದ್ಧ ಪ್ರೋಟೀನನ್ನು ಒಬ್ಬ ರೋಗಿಗೆ ಏರಿಸಬೇಕು. ಅಸಾಧ್ಯವಲ್ಲ, ಅಗ್ಗವೂ ಅಲ್ಲ. ಕಪ್ಪೆಯ ಪ್ರೋಟೀನನ್ನು ನಮ್ಮ ದೇಹ ಪರಕೀಯ ಎಂದು ಗುರುತಿಸುತ್ತದೆ ಎಂಬ ತೊಡಕು ಬೇರೆ. ಕುದುರೆಯ ರಕ್ತದಿಂದ ತಯಾರಾದ ಹಾವಿನ ಪ್ರತಿವಿಷ ಏರಿಸುವಾಗ ಪಕ್ಕದಲ್ಲಿ ಅಲರ್ಜಿ ಕೆರಳಿದರೆ ಕೊಡುವ ಅಡ್ರಿನಲಿನ್ ಸಿದ್ಧವಾಗಿ ಇಟ್ಟುಕೊಳ್ಳುವುದು ಇದೇ ಕಾರಣಕ್ಕೆ.

ಹಾವಿನ ಮದ್ದಿನ ದಾರಿ ಹಿಡಿದರೆ?

ಪ್ರತಿವಿಷವನ್ನು ಕುದುರೆಯಲ್ಲಿ ಬೆಳೆಸುವ ದಾರಿ ನಮಗೆ ಗೊತ್ತಿರುವುದೇ. ಭಾರತದ ಎಎಸ್‌ವಿ, ಅಂದರೆ ಹಾವಿನ ಪ್ರತಿವಿಷ, ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ ತಯಾರಾಗಿದೆ. 1 ಮಿಲಿಲೀಟರ್ ಮದ್ದು 0.6 ಮಿಲಿಗ್ರಾಂ ನಾಗರವಿಷವನ್ನು ತಣಿಸುತ್ತದೆ. ಸ್ಯಾಕ್ಸಿಟಾಕ್ಸಿನ್‌ಗೂ ಪ್ರತಿಕಾಯ (ವಿಷವನ್ನು ಹಿಡಿಯಲೆಂದು ಪ್ರಾಣಿಯ ದೇಹ ತಯಾರಿಸುವ ಪ್ರೋಟೀನ್) ತಯಾರಿಸಿದ್ದಾರೆ. 1990ರ ದಶಕದಲ್ಲಿ ಕತ್ತೆಯಲ್ಲಿ ಬೆಳೆಸಿದ ಪ್ರತಿಕಾಯ, ಆಮ್ಲಜನಕದ ಜೊತೆ ಸೇರಿ, ವಿಷವುಂಡ ಪ್ರಾಣಿಗಳ ಹೃದಯ ಮತ್ತು ಉಸಿರನ್ನು ಮರಳಿ ತಂದಿತು.

ತೊಡಕು ಎರಡು. ಹಾವಿನ ವಿಷ ದೊಡ್ಡ ಪ್ರೋಟೀನ್, ಕುದುರೆಯ ದೇಹ ಅದನ್ನು ನೋಡಿದ ಕೂಡಲೇ ಕೆರಳುತ್ತದೆ. ಸ್ಯಾಕ್ಸಿಟಾಕ್ಸಿನ್ ಪುಟ್ಟ ಅಣು. ಅದನ್ನು ಬೇರೊಂದು ಪ್ರೋಟೀನಿಗೆ ಹೊಲಿದು ಚುಚ್ಚಿದರೆ ಮಾತ್ರ ದೇಹ ಗಮನಿಸುತ್ತದೆ. ಎರಡನೆಯದು ಇನ್ನೂ ಕಠಿಣ. ಸ್ಯಾಕ್ಸಿಟಾಕ್ಸಿನ್ ಒಬ್ಬಂಟಿಯಲ್ಲ, 50ಕ್ಕೂ ಹೆಚ್ಚು ಅಣ್ಣತಮ್ಮಂದಿರಿರುವ ಮನೆತನ. ಒಬ್ಬನಿಗೆಂದು ಬೆಳೆಸಿದ ಪ್ರತಿಕಾಯ ನಿಯೋಸ್ಯಾಕ್ಸಿಟಾಕ್ಸಿನ್‌ನಂಥ ಸೋದರನನ್ನು ಸರಿಯಾಗಿ ಹಿಡಿಯುವುದಿಲ್ಲ. ಚಿಪ್ಪಿನಲ್ಲಿ ಯಾರ್ಯಾರು ಎಷ್ಟೆಷ್ಟು ಇದ್ದಾರೆ ಎಂಬುದು ಪಾಚಿಯಿಂದ ಪಾಚಿಗೆ, ಕರಾವಳಿಯಿಂದ ಕರಾವಳಿಗೆ ಬದಲಾಗುತ್ತದೆ.

ಹಳೆಯ ಮಾತ್ರೆಯ ಆಸೆ

ವಿಷವನ್ನು ಹಿಡಿಯುವ ಬದಲು ನರವನ್ನೇ ಎಬ್ಬಿಸುವುದು ಮೂರನೆಯ ದಾರಿ. 4-ಅಮಿನೋಪಿರಿಡಿನ್ ಎಂಬ ಔಷಧ ಪೊಟ್ಯಾಸಿಯಂ ಬಾಗಿಲುಗಳನ್ನು ಮುಚ್ಚಿ, ನರದ ಸಂದೇಶ ಇನ್ನಷ್ಟು ಹೊತ್ತು ಉಳಿಯುವಂತೆ ಮಾಡುತ್ತದೆ. ಮೇಲಿನಿಂದ ತೊಟ್ಟಿಕ್ಕುವ ಅಷ್ಟಿಷ್ಟು ನೀರನ್ನೇ ವ್ಯರ್ಥವಾಗದಂತೆ ತುದಿಗೆ ಮುಟ್ಟಿಸಿದ ಹಾಗೆ. 1997ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸ್ಯಾಕ್ಸಿಟಾಕ್ಸಿನ್‌ನಿಂದ ಉಸಿರು ಕುಸಿದ ಗಿನಿ ಹಂದಿಗಳು ಇದನ್ನು ಕೊಟ್ಟಾಗ ಚೇತರಿಸಿಕೊಂಡವು. ಈ ಔಷಧ ಹೊಸದಲ್ಲ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗದವರ ನಡಿಗೆ ಸುಧಾರಿಸಲು ಅಮೆರಿಕ 2010ರಲ್ಲೇ ಅನುಮತಿ ಕೊಟ್ಟಿದೆ, ಮಾತ್ರೆಯಾಗಿ ಸಿಗುತ್ತದೆ.

ಹಾಗಿದ್ದರೆ ಕೊಟ್ಟುಬಿಡಬಾರದೇಕೆ? ಪ್ರಮಾಣ ಸ್ವಲ್ಪ ಹೆಚ್ಚಾದರೂ ಅದು ಫಿಟ್ಸ್ ತರುತ್ತದೆ. ತೂಬು ಪೂರ್ತಿ ಮುಚ್ಚಿದ್ದರೆ ಉಳಿಸಲು ತೊಟ್ಟೂ ನೀರಿರುವುದಿಲ್ಲ. ವೆಂಟಿಲೇಟರ್ ಕೈಗೆ ಸಿಕ್ಕಿರುವಾಗ, ಒಂದೇ ದಿನದಲ್ಲಿ ತಾನಾಗಿ ಇಳಿಯುವ ವಿಷಕ್ಕೆ ಫಿಟ್ಸಿನ ಅಪಾಯ ಹೊತ್ತು ತರುವ ಮಾತ್ರೆ ಕೊಡಲು ಯಾವ ವೈದ್ಯರೂ ಹಿಂಜರಿಯುತ್ತಾರೆ. ಹಿಂಜರಿಯುವುದು ಸರಿಯೇ. ಹಾಗಿದ್ದರೂ ಮೂರರಲ್ಲಿ ಈ ಕಡೆಗಣಿಸಿದ ಮಾತ್ರೆಯೇ ನಮ್ಮಂಥ ದೇಶಕ್ಕೆ ಹೆಚ್ಚು ಸಂಬಂಧಪಟ್ಟದ್ದು. ಕಾರಣ ಮುಂದಿದೆ.

ಮದ್ದು ಬೇಕೋ, ನಿಗಾ ಬೇಕೋ?

ತಜ್ಞರಲ್ಲಿ ಒಮ್ಮತವಿಲ್ಲ. ಸಾರ್ವಜನಿಕ ಆರೋಗ್ಯದ ಕಡೆಯವರ ವಾದ ನೇರ: ಚಿಪ್ಪನ್ನು ಪರೀಕ್ಷಿಸಿ, ಮಿತಿ ಮೀರಿದರೆ ಆ ದಂಡೆ ಮುಚ್ಚಿ, ರೋಗಿಯೇ ಹುಟ್ಟದಂತೆ ನೋಡಿಕೊಳ್ಳಿ. ಅಂತರರಾಷ್ಟ್ರೀಯ ಆಹಾರ ಗುಣಮಟ್ಟದ ನಿಯಮಾವಳಿಯಾದ ಕೋಡೆಕ್ಸ್‌ನ ಮಿತಿ 1 ಕಿಲೋ ಮಾಂಸಕ್ಕೆ 0.8 ಮಿಲಿಗ್ರಾಂ. ಪರೀಕ್ಷೆ ಕಟ್ಟುನಿಟ್ಟಾಗಿರುವ ದೇಶಗಳಲ್ಲಿ ಅಂಗಡಿಯ ಚಿಪ್ಪಿನಿಂದ ಸಾವು ಬಲು ಅಪರೂಪ. ಅಲ್ಲಿ ಅಸ್ವಸ್ಥರಾಗುವವರಲ್ಲಿ ಹೆಚ್ಚಿನವರು ತಾವೇ ದಂಡೆಗೆ ಹೋಗಿ ಆರಿಸಿದವರು. ಇಷ್ಟು ಕಡಿಮೆ ರೋಗಿಗಳಿಗೆ, ಅದೂ ವೆಂಟಿಲೇಟರ್‌ನಿಂದ ಬದುಕುವವರಿಗೆ, ಕೋಟಿಗಟ್ಟಲೆ ಸುರಿದು ಮದ್ದು ಮಾಡುವುದೇಕೆ?

ಮದ್ದಿನ ಪರ ಇರುವವರು ಬೆಚ್ಚಗಾಗುತ್ತಿರುವ ಸಮುದ್ರವನ್ನು ತೋರಿಸುತ್ತಾರೆ. ಕೆಲವು ಶೀತ ಕರಾವಳಿಗಳಲ್ಲಿ ಪಾಚಿಗೆ ಅನುಕೂಲವಾದ ದಿನಗಳು ಹೆಚ್ಚುತ್ತಿವೆ. ಇನ್ನೊಂದು ಕಾರಣವನ್ನು ಮೆಲುದನಿಯಲ್ಲಿ ಹೇಳುತ್ತಾರೆ. ರಾಸಾಯನಿಕ ಅಸ್ತ್ರ ನಿಷೇಧ ಒಪ್ಪಂದದ ಮೊದಲ ಪಟ್ಟಿಯಲ್ಲಿ ಹರಳುಬೀಜದ ವಿಷವಾದ ರೈಸಿನ್ ಜೊತೆಗೆ ಸ್ಯಾಕ್ಸಿಟಾಕ್ಸಿನ್ ಹೆಸರೂ ಇದೆ. 1960ರಲ್ಲಿ ಸೋವಿಯತ್ ಒಕ್ಕೂಟದ ಮೇಲೆ ಹಾರಿ ಸಿಕ್ಕಿಬಿದ್ದ ಅಮೆರಿಕದ ಬೇಹುವಿಮಾನದ ಪೈಲಟ್ ಗ್ಯಾರಿ ಪವರ್ಸ್ ಬಳಿಯ ನಾಣ್ಯದೊಳಗಿನ ಸೂಜಿಗೆ ಸವರಿದ್ದು ಇದೇ ವಿಷ. ರಕ್ಷಣಾ ಹಣ ಈ ಸಂಶೋಧನೆಗೆ ಹರಿದದ್ದು ಆ ಭಯದಿಂದ. ವಿಷ ಆ ಪಟ್ಟಿಯಲ್ಲಿರುವುದರಿಂದಲೇ ಅದನ್ನು ಇಟ್ಟುಕೊಂಡು ಪ್ರಯೋಗ ಮಾಡುವುದಕ್ಕೂ ಹತ್ತು ಕಟ್ಟಳೆ.

ಎರಡೂ ವಾದಗಳಲ್ಲಿ ಬಿಟ್ಟುಹೋಗಿರುವುದು ವಿಳಿಞಂ. ವೆಂಟಿಲೇಟರ್ ಇದ್ದರೆ ಮದ್ದು ಬೇಡ ಎಂಬುದು ಒಬ್ಬಿಬ್ಬರು ರೋಗಿಗಳಿಗೆ ಸರಿ. ಒಂದೇ ಹೊತ್ತಿಗೆ ಐನೂರು ಮಂದಿ ಬಂದರೆ ಅವರಲ್ಲಿ ಹತ್ತರಲ್ಲೊಬ್ಬರಿಗೆ ಉಸಿರು ಕುಗ್ಗಿದರೂ 50 ಯಂತ್ರ ಬೇಕು, 50 ಯಂತ್ರ ನಡೆಸುವ ಕೈಗಳು ಬೇಕು. ಕೋವಿಡ್ ಕಾಲದಲ್ಲಿ ಜಿಲ್ಲಾ ಆಸ್ಪತ್ರೆಗಳಿಗೆ ಯಂತ್ರ ಬಂದವು. ಅವನ್ನು ರಾತ್ರಿಯಿಡೀ ನೋಡಿಕೊಳ್ಳುವ ತರಬೇತಾದ ಸಿಬ್ಬಂದಿ ಅಷ್ಟು ಸುಲಭವಾಗಿ ಬರಲಿಲ್ಲ. ಇಂಥ ಕಡೆ, ಆಸ್ಪತ್ರೆ ಮುಟ್ಟುವತನಕ ಉಸಿರು ಹಿಡಿದಿಡುವ ಅಗ್ಗದ ಮಾತ್ರೆಯೊಂದಿದ್ದರೆ ಅದರ ಬೆಲೆಯೇ ಬೇರೆ. ಮದ್ದು ಹೆಚ್ಚು ಬೇಕಾಗಿರುವುದು ಅಳಿವೆಯಲ್ಲಿ ಪುಕ್ಕಟೆ ಚಿಪ್ಪು ಆರಿಸುವವರಿಗೆ, ಅವರು ಯಾವ ಕಂಪನಿಗೂ ಗಿರಾಕಿಗಳಲ್ಲ. ಹಾವಿನ ಕಡಿತದ ಮದ್ದು ಜಗತ್ತಿನ ಔಷಧ ಉದ್ಯಮಕ್ಕೆ ಬಹುಕಾಲ ಬೇಡವಾಗಿದ್ದದ್ದು ಇದೇ ಲೆಕ್ಕಾಚಾರದಿಂದ. ಹಾವು ಕಡಿತಕ್ಕಾದರೂ ಪ್ರತಿವರ್ಷ ಲಕ್ಷಾಂತರ ರೋಗಿಗಳಿದ್ದಾರೆ, ಇದಕ್ಕೆ ಅವರೂ ಇಲ್ಲ.

ದಾರಿ ತೆರೆಯುವುದಾದರೆ ಅದು ಅನಿರೀಕ್ಷಿತ ಕಡೆಯಿಂದ ತೆರೆಯಬಹುದು. ನಿಯೋಸ್ಯಾಕ್ಸಿಟಾಕ್ಸಿನನ್ನು ಅತಿ ಕಡಿಮೆ ಪ್ರಮಾಣದಲ್ಲಿ, ಶಸ್ತ್ರಚಿಕಿತ್ಸೆಯ ನಂತರದ ನೋವು ತಡೆಯುವ ಅರಿವಳಿಕೆಯಾಗಿ ಚಿಲಿ ಮತ್ತು ಬಾಸ್ಟನ್ನಿನ ವೈದ್ಯರು ಮನುಷ್ಯರಲ್ಲಿ ಪರೀಕ್ಷಿಸಿದ್ದಾರೆ. ಅದು ಮಾರುಕಟ್ಟೆಗೆ ಬರುವ ದಿನ ಬಂದರೆ, ಪ್ರಮಾಣ ತಪ್ಪಿದಾಗ ಇಳಿಸುವ ಮದ್ದೂ ಕಂಪನಿಗಳಿಗೆ ಬೇಕಾಗುತ್ತದೆ. ಆಗ ಕಪ್ಪೆಯ ಪ್ರೋಟೀನಿಗೂ ಗಿರಾಕಿ ಹುಟ್ಟುತ್ತಾನೆ.

ಅಲ್ಲಿಯತನಕ

ಸದ್ಯಕ್ಕೆ ಈ ಮೂರು ಜಿಲ್ಲೆಗಳ ರೋಗಿಗೆ ಸಿಗುವುದು ಉಸಿರಿನ ಚಿಕಿತ್ಸೆ, ಅದು ಸಾಲುತ್ತದೆ ಕೂಡ. ಬೆಳೆಗೆ ಹೊಡೆಯುವ ಎಣ್ಣೆ ಕುಡಿದವರನ್ನೂ ಹಾವು ಕಚ್ಚಿದವರನ್ನೂ ವೆಂಟಿಲೇಟರ್ ಮೇಲಿಟ್ಟು ಬದುಕಿಸಿದ ಅನುಭವ ಬೆಳಗಾವಿ, ಬಾಗಲಕೋಟೆ, ವಿಜಯಪುರದ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿಗೆ ಧಾರಾಳವಾಗಿದೆ. ಕೊರತೆ ಇರುವುದು ಅನುಮಾನದಲ್ಲಿ. ಕಡಲಿಲ್ಲದ ಊರಿನ ವೈದ್ಯರು ಕೈಕಾಲು ಸೋತು ಬಂದವನನ್ನು ಕಂಡಾಗ ಹಾವು, ಕೀಟನಾಶಕ, ಲಕ್ವ ಎಂದು ಯೋಚಿಸುತ್ತಾರೆ. ಮಧ್ಯಾಹ್ನ ಏನು ತಿಂದೆ ಎಂದು ಕೇಳುವುದು ಮೊದಲು ಹೊಳೆಯುವುದಿಲ್ಲ. ಹಾಗಾಗಿ ಹೇಳುವ ಹೊಣೆ ಜೊತೆಗಿರುವವರದು: ಚಿಪ್ಪು ತಿಂದಿದ್ದೇವೆ, ಇಷ್ಟು ಗಂಟೆಗೆ, ಇಂಥ ಊರಿನಲ್ಲಿ, ತುಟಿಯಿಂದ ಶುರುವಾಯಿತು.

ತುಟಿ ಜುಮ್ಮೆಂದ ಮೇಲೆ ಬೆಳಗಾವಿ ಮುಟ್ಟಿಯೇ ತೋರಿಸೋಣ ಎಂದು ಘಾಟಿ ಹತ್ತುವುದಕ್ಕಿಂತ ಹತ್ತಿರದ ಆಸ್ಪತ್ರೆಗೆ ಗಾಡಿ ತಿರುಗಿಸುವುದು ಲೇಸು. ದಾರಿಯಲ್ಲೇ ಉಸಿರು ಕುಗ್ಗಿದರೆ 108ರ ಆಂಬುಲೆನ್ಸಿನಲ್ಲಿರುವ ಆಂಬು ಬ್ಯಾಗನ್ನು (ಕೈಯಿಂದ ಉಸಿರು ತುಂಬುವ ಚೀಲ) ಒತ್ತುತ್ತಾ ಬರುವುದೂ ಚಿಕಿತ್ಸೆಯೇ, ಹಾವಿನ ಪ್ರಕರಣಗಳಲ್ಲಿ ಹಾಗೆ ಬದುಕಿದವರಿದ್ದಾರೆ. ಮೊದಲ ದಿನದ ಮೂತ್ರವನ್ನು ಒಂದು ಬಾಟಲಿಯಲ್ಲಿ, ಮನೆಯಲ್ಲಿ ಉಳಿದ ಚಿಪ್ಪನ್ನೂ ಸಾರನ್ನೂ ಇನ್ನೊಂದು ಡಬ್ಬಿಯಲ್ಲಿ ಫ್ರಿಜ್‌ನಲ್ಲಿ ಇಡಿಸಿದರೆ, ತಿಂದದ್ದು ಈ ವಿಷವೇ ಹೌದೇ ಎಂದು ಆಮೇಲೆ ತಿಳಿಯಬಹುದು. ಮರುದಿನದ ಹೊತ್ತಿಗೆ ಮೂತ್ರದಲ್ಲಿ ವಿಷ ಬಹಳ ಕಡಿಮೆಯಾಗಿರಬಹುದು, ಸಾರನ್ನು ಯಾರೋ ಚೆಲ್ಲಿ ಪಾತ್ರೆ ತೊಳೆದಿರುತ್ತಾರೆ.